ರುಕುರು ಸೇತುವೆಯ ಸೊಪ್ಪು

ಕರೊಂಗಾ
ಜೂನ್ ೧೧, ಮಂಗಳವಾರ

ತುಸೆಕಿಲೆಯ ಅಪ್ಪನಿಗೆ,

ತುಂಪೆ ಮಾಡುವ ನಮಸ್ಕಾರಗಳು. ಮನೆಯಲ್ಲಿ ಎಲ್ಲರೂ ಇದ್ದೇವೆ. ಮೊದಲು ಅಷ್ಟು ಓದಿಕೊಂಡು ಉಸಿರು ಬಿಡಿ, ಆಮೇಲೆ ಮುಂದಿನದು. ಕಳೆದ ವಾರವೇ ಬರೆಯಬೇಕಿತ್ತು, ಕೂತರೆ ಕೈ ಓಡಲಿಲ್ಲ, ಕ್ಷಮಿಸಿ. ಫೋನಿನಲ್ಲಿ ಹೇಳಬಹುದಿತ್ತಲ್ಲ ಅನ್ನುತ್ತೀರಿ. ನೀವು ಸ್ಪೀಕರಿಗೆ ಹಾಕುತ್ತೀರಿ, ನಾನು ಹೇಳಿದ್ದಕ್ಕೆಲ್ಲ ಪಕ್ಕದಲ್ಲಿ ಕೂತ ಕ್ಲೀನರ್ "ಹೌದಕ್ಕಾ" ಅನ್ನುತ್ತಾನೆ. ಅದಲ್ಲದೆ ನಿಮ್ಮ ಕೈ ಸ್ಟೀರಿಂಗಿನ ಮೇಲಿರುವಾಗ ನನ್ನ ಫೋನು ಹೊಡೆದುಕೊಳ್ಳುವುದೇ ನನಗೆ ಭಯ. ಪಕ್ಕದ ಮನೆ ಗ್ವಾಮಾಕಾ ನಾಳೆ ಲಾರಿ ತೆಗೆಯುತ್ತಾನಂತೆ, ಗಡಿಯಲ್ಲಿ ನಿಮ್ಮ ಕೈಗೇ ಕೊಡುತ್ತಾನೆ.

ಪುಟ್ಟ ಇಪ್ಯಾನಾನಿಗೆ ಮೇಲಿನ ಹಲ್ಲು ಬರುತ್ತಿದೆ. ರಾತ್ರಿಯೆಲ್ಲ ಅಳು. ನನಗೆ ನಿದ್ದೆಯಿಲ್ಲದ್ದಕ್ಕೆ ಅವನೇ ಕಾರಣ ಅಂತ ಅತ್ತೆಗೆ ಹೇಳಿದ್ದೇನೆ. ನಿಜ ಏನೆಂದರೆ ಅವನು ಮಲಗಿದ ಮೇಲೂ ನಾನು ಲಾರಿಗಳ ಸದ್ದು ಕೇಳುತ್ತಾ ಬಿದ್ದಿರುತ್ತೇನೆ. ದಾರ್ ಬಂದರಿನಿಂದ ಬರುವ ಟ್ಯಾಂಕರಿನ ಸದ್ದು ಬೇರೆ, ಖಾಲಿ ಲಾರಿಯ ಸದ್ದು ಬೇರೆ, ಸೇತುವೆ ಹತ್ತಿರ ಗೇರು ಇಳಿಸಿದರೆ ಒಂದು ಥರ, ಇಳಿಸದೆ ಬಂದರೆ ಇನ್ನೊಂದು ಥರ. ಇಳಿಸದೆ ಬಂದಾಗ ಎದ್ದು ಕೂರುತ್ತೇನೆ. ಮಗಳು ಪಕ್ಕದಲ್ಲೇ ಮಲಗಿರುತ್ತಾಳೆ, ಆದರೂ ಕೈಯಿಟ್ಟು ನೋಡುತ್ತೇನೆ.

ನಮ್ಮ ಸೈಕಲ್ ಬಳಗದ ಸುದ್ದಿ ನಿಮಗೆ ಪೂರ್ತಿ ಹೇಳಿರಲಿಲ್ಲ. ನಿವೃತ್ತರಾದ ಮ್ವಾಂಜಾಸಿ ಮೇಷ್ಟ್ರು ಶುರು ಮಾಡಿದ್ದು ಗೊತ್ತಲ್ಲ, ಶಾಲೆ ದೂರ ಅಂತ ಹುಡುಗಿಯರು ಬಿಡುತ್ತಿದ್ದಾರೆ, ಸೈಕಲ್ ಕಲಿಸಿದರೆ ಬಿಡುವುದಿಲ್ಲ ಎಂದು. ಶನಿವಾರ ಶಾಲೆಯ ಬಯಲಿನಲ್ಲಿ ಕಲಿಸುತ್ತೇವೆ. ಬ್ರೇಕು ನೋಡುತ್ತೇವೆ, ಚೈನಿಗೆ ಎಣ್ಣೆ ಬಿಡುತ್ತೇವೆ, ಕ್ಯಾರಿಯರಿನಲ್ಲಿ ಇಬ್ಬರನ್ನು ಕೂರಿಸಬೇಡಿ ಅಂತ ಬಾಯಿ ನೋಯುವಷ್ಟು ಹೇಳುತ್ತೇವೆ. ಶಾಲೆಯ ದಿನ ಬೆಳಿಗ್ಗೆ ಮಕ್ಕಳನ್ನೆಲ್ಲ ಒಂದೇ ಸಾಲಿನಲ್ಲಿ ಹೆದ್ದಾರಿ ದಾಟಿಸಿ ಶಾಲೆ ಮುಟ್ಟಿಸುತ್ತೇವೆ. ಮುಂದೆ ಮೇಷ್ಟ್ರು, ಕೊನೆಯಲ್ಲಿ ಬೆನ್ನಿಗೆ ಕೆಂಪು ಬಟ್ಟೆ ಕಟ್ಟಿಕೊಂಡು ನಮ್ಮಲ್ಲೊಬ್ಬರು. ಮಗಳು ನೀವು ತಂದುಕೊಟ್ಟ ಸೈಕಲಿನಲ್ಲಿ ಮೇಷ್ಟ್ರ ಹಿಂದೆಯೇ. ಬೆಲ್ಲು ನೀವೇ ಕೂರಿಸಿದ್ದು ಅಂತ ದಾರಿಯಲ್ಲಿ ಸಿಕ್ಕ ಮೇಕೆಗಳಿಗೂ ಹೊಡೆದು ತೋರಿಸುತ್ತಾಳೆ.

ಆದರೆ ಸೇತುವೆ ತಿರುವಿನಲ್ಲಿ ಲಾರಿಗಳು ನಿಧಾನ ಮಾಡುತ್ತಿರಲಿಲ್ಲ. ತಗಡಿನ ಫಲಕ ಬರೆಸಿ ನಿಲ್ಲಿಸಿದೆವು, ಯಾರೋ ಕಿತ್ತುಕೊಂಡು ಹೋಗಿ ಒಲೆ ಮಾಡಿಕೊಂಡರು. ಇನ್ನೊಂದು ನಿಲ್ಲಿಸಿದೆವು, ಅದೂ ಹೋಯಿತು. ಆಗ ರಸ್ತೆ ಬದಿಯಲ್ಲಿ ಮಂದಾಸಿ ಬೋಂಡ ಕರಿಯುವ ಬುಪೆ ಇದ್ದಾಳಲ್ಲ, ಅವಳು ನಗುನಗುತ್ತಲೇ ಅಂದಳು: "ಫಲಕ ಯಾರು ಓದ್ತಾರೆ ಮೇಷ್ಟ್ರೇ? ಸೊಪ್ಪು ಹಾಕಿ ಸೊಪ್ಪು. ಸಾವಿನ ಮನೆ ಮುಂದೆ ರಸ್ತೆಗೆ ಕೊಂಬೆ ಬಿದ್ದಿದ್ರೆ ಎಂಥ ಕುಡುಕ ಡ್ರೈವರಾದ್ರೂ ಕಾಲು ಬ್ರೇಕಿಗೆ ಇಡ್ತಾನೆ."

ಮೇಷ್ಟ್ರು ಮೊದಲು ಬೇಡ ಅಂದರು. ಆಮೇಲೆ, "ಮಕ್ಕಳು ದಾಟೋವಷ್ಟು ಹೊತ್ತು ಅಷ್ಟೇ. ದಾಟಿದ ಮೇಲೆ ನಾನೇ ತೆಗೀತೀನಿ" ಅಂದರು. ನಾನೂ ಒಪ್ಪಿದೆ. ಹಸಿರು ಕೊಂಬೆ, ಅದರಲ್ಲೇನಿದೆ ಅನ್ನಿಸಿತು.

ಲಾರಿಗಳು ನಿಂತವು! ಹಾಡು ಸಣ್ಣಗೆ ಮಾಡಿದರು, ಟೋಪಿ ತೆಗೆದರು. ಮಕ್ಕಳು ರಾಜರ ಹಾಗೆ ದಾಟಿದರು. ಒಂದು ದಿನ ಮಿನಿಬಸ್ಸೇ ನಿಂತಿತು. ಒಳಗಿದ್ದ ಹೆಂಗಸರು ತಲೆಗೆ ಬಟ್ಟೆ ಬಿಗಿದುಕೊಂಡು ಇಳಿದರು, ಒಬ್ಬಳು ಆಗಲೇ ಅಳು ತೆಗೆದಿದ್ದಳು.

"ಯಾರಮ್ಮಾ ಹೋಗಿದ್ದು? ಗಂಡೋ ಹೆಣ್ಣೋ?"

"ಯಾರೂ ಇಲ್ಲಮ್ಮ, ಶಾಲೆ ಮಕ್ಕಳು" ಅಂದೆ.

"ಅಯ್ಯೋ ದೇವರೇ, ಮಕ್ಕಳಾ!" ಅಂತ ಅವಳು ಅಲ್ಲೇ ಕುಸಿದಳು. ಬುಪೆ ಓಡಿ ಬಂದು, "ಮಕ್ಕಳು ಬದುಕವ್ರೆ, ಅಲ್ಲಿ ನೋಡಿ, ಹಲ್ಲು ಕಿರೀತಾವೆ" ಅಂದಳು. ಆ ಹೆಂಗಸು ಕಣ್ಣೊರೆಸಿಕೊಂಡು ನನ್ನ ಮುಖ ನೋಡಿದ್ದನ್ನು ನಾನಿನ್ನೂ ಮರೆತಿಲ್ಲ. "ಬದುಕಿರೋ ಮಕ್ಕಳಿಗೆ ಸಾವಿನ ಸೊಪ್ಪು ಹಾಸಿದ್ದೀಯಾ? ನೀನೊಬ್ಬ ತಾಯೀನಾ?"

ಅವತ್ತು ಮನೆಗೆ ಬಂದರೆ ಅತ್ತೆಗೆ ಆಗಲೇ ಸುದ್ದಿ ಮುಟ್ಟಿತ್ತು. ಬಾಳೆಕಾಯಿ ಸುಲಿಯುತ್ತಾ ಇದ್ದವರು ತಲೆ ಎತ್ತಲಿಲ್ಲ. "ಕಾಲೇಜು ಓದಿದ ಸೊಸೆ. ಹೆಣ ಇಲ್ಲದ ಕಡೆ ಸೊಪ್ಪು ಹಾಕಿ ಬಂದವಳೆ. ಅದು ಖಾಲಿ ಹೋಗಲ್ಲ ಕಣೇ. ಕರೆದಾಗ ಬಂದೇ ಬರ್ತದೆ, ಯಾರ ಮನೆ ಅಂತ ಕೇಳ್ಕೊಂಡು ಬರ್ತದೆ."

ಇಂಥದ್ದನ್ನೆಲ್ಲ ನಂಬುವವಳಲ್ಲ ನಾನು, ನಿಮಗೆ ಗೊತ್ತು. ಆದರೂ ಆ ಮಾತು ಮುಳ್ಳಿನ ಹಾಗೆ ಒಳಗೆ ಮುರಿದುಕೊಂಡಿತು. ಮೂಢನಂಬಿಕೆ ಅಂತ ಹಗಲು ನಗುತ್ತೇನೆ. ಗೇರು ಇಳಿಸದ ಲಾರಿ ಬಂದರೆ ಅದೇ ಮಾತು ಕಿವಿಯಲ್ಲಿ.

ಆಮೇಲಿನದು ಗ್ವಾಮಾಕಾ ಹೇಳಿದ್ದು. ಹಿಂದಿನ ಸಲ ಊರಿಗೆ ಬಂದಾಗ ನಮ್ಮಲ್ಲಿ ಚಹಾ ಕುಡಿಯುತ್ತಾ ನಕ್ಕ. "ಅತ್ತಿಗೆ, ನಿಮ್ಮ ಸೊಪ್ಪು ಗಡಿಯಲ್ಲೆಲ್ಲ ಹೆಸರುವಾಸಿ. ರುಕುರು ಸೇತುವೆ ಹತ್ರ ಹೆಣ ಇಲ್ಲದ ಸಾವು ಆಗ್ತಿರತ್ತೆ, ಬ್ರೇಕ್ ಸವೆಸಬೇಡ್ರಪ್ಪ ಅಂತ ಹೊಸ ಡ್ರೈವರುಗಳಿಗೆ ಹೇಳ್ಕೊಡ್ತಾರೆ." ಅತ್ತೆ ಒಳಗಿದ್ದರು, ಕೇಳಿಸಿಕೊಂಡರೇನೋ. ಗಡಿಯಲ್ಲಿ ಅದನ್ನು ಕೇಳಿ ನೀವೂ ನಕ್ಕಿರಾ ಎಂದು ಅವನನ್ನು ಕೇಳಲಿಲ್ಲ.

ಆ ಸಂಜೆಯೇ ಮೇಷ್ಟ್ರ ಮನೆಗೆ ಹೋದೆ. "ಮೇಷ್ಟ್ರೇ, ಸೊಪ್ಪು ಸುಳ್ಳು ಅಂತ ಅವರಿಗೆ ಗೊತ್ತಾಗಿದೆ. ನಾಳೆ ನಿಜವಾದ ಸಾವಿಗೂ ನಿಲ್ಲಲ್ಲ" ಅಂದೆ. ಅವರಿಗೂ ಅದೇ ಯೋಚನೆ ಇತ್ತು. "ಈ ವಾರ ಮುಗೀಲಮ್ಮ. ಪೊಲೀಸಿನವರು ಒಬ್ಬ ಪೇದೆ ಕಳಿಸ್ತೀವಿ ಅಂದಿದ್ದಾರೆ" ಅಂದರು. ವಾರ ಮುಗಿಯಲಿಲ್ಲ.

ಕಳೆದ ಗುರುವಾರ ಕೆಂಪು ಬಟ್ಟೆಯ ಸರದಿ ನನ್ನದು. ಸರೋವರದ ಕಡೆಯಿಂದ ಗಾಳಿ ಜೋರಾಗಿತ್ತು. ಕೊಂಬೆ ಹಾರದ ಹಾಗೆ ಕಲ್ಲು ಹೇರಿದ್ದೆವು. ಮೇಷ್ಟ್ರು ಕೈ ತೋರಿಸಿ ಹೊರಟರು, ಮಗಳು ಅವರ ಹಿಂದೆ. ಅವರಿಬ್ಬರೂ ದಾಟಿ ಆಚೆ ಅಂಚಿಗೆ ಹೋಗಿದ್ದರು, ಉಳಿದ ಮಕ್ಕಳು ಈಚೆ ನನ್ನ ಮುಂದೆ. ಗಡಿಯ ಕಡೆಯಿಂದ ಒಂದು ಲಾರಿ ಬಂತು. ಗೇರು ಇಳಿಸಲಿಲ್ಲ. ಹಾರ್ನೂ ಇಲ್ಲ. ಸೊಪ್ಪಿನ ಮೇಲೇ ಹಾದುಹೋಯಿತು. ಒಂದು ಕಲ್ಲು ಸಿಡಿದು ನನ್ನ ಮುಂದಿನ ಚಕ್ರಕ್ಕೆ ಬಡಿಯಿತು. ಧೂಳು ಕರಗಿದಾಗ ನೋಡಿದರೆ ಮಗಳ ಸೈಕಲ್ ಚರಂಡಿಯಲ್ಲಿ ತಲೆಕೆಳಗಾಗಿತ್ತು, ಚಕ್ರ ಇನ್ನೂ ತಿರುಗುತ್ತಿತ್ತು. ಅವಳು ಕಾಣಿಸಲಿಲ್ಲ.

ಹೇಗೆ ದಾಟಿದೆನೋ ತಿಳಿಯದು. ಜೊಂಡಿನ ನಡುವೆ ಕೂತಿದ್ದಳು. ಮೊಣಕೈ ಸುಲಿದಿತ್ತು, ಗಲ್ಲದ ಕೆಳಗೆ ಸೀಳಿತ್ತು. ಅಳುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಹೊಲಿಗೆ ಹಾಕುವಾಗಲೂ ಅಳಲಿಲ್ಲ. "ಹೇಗೆ ಬಿದ್ದೆ ಮಗಳೇ?" ಅಂತ ಮೇಷ್ಟ್ರು ಕೇಳಿದ್ದಕ್ಕೆ, "ನಾಯಿ ಅಡ್ಡ ಬಂತು" ಅಂದಳು. ಅಲ್ಲಿ ನಾಯಿ ಇರಲಿಲ್ಲ.

ಅವಳಿಗೇನೂ ಆಗಿಲ್ಲ, ಗಾಯ ಒಣಗುತ್ತಿದೆ. ಹೆದರಬೇಡಿ, ಹೆದರುವುದಕ್ಕೆ ನಾನಿದ್ದೇನೆ.

ಮೇಷ್ಟ್ರು ಅವತ್ತೇ ಸೊಪ್ಪನ್ನೆಲ್ಲ ಎತ್ತಿ ಹೊಳೆಗೆ ಬಿಟ್ಟರು. ಊರ ಮುಖ್ಯಸ್ಥರ ಹತ್ತಿರ ಹೋಗಿ ತಪ್ಪಾಯಿತು ಅಂದು ಬಂದರು. ಇನ್ನು ಸೊಪ್ಪಿಲ್ಲ. ನಿನ್ನೆಯಿಂದ ನಾವೇ ರಸ್ತೆಯ ಮಧ್ಯೆ ಕೈ ಹಿಡಿದು ಸಾಲಾಗಿ ನಿಲ್ಲುತ್ತಿದ್ದೇವೆ. ಬುಪೆ ಮಂದಾಸಿಯ ಬಾಣಲೆ ತಂದು ಸೌಟಿನಿಂದ ಬಡಿಯುತ್ತಾಳೆ. "ಸತ್ತೋರಿಗೆ ನಿಲ್ಲದಿದ್ರೆ ಹೋಗ್ಲಿ, ಈ ದಪ್ಪ ಹೆಂಗಸಿಗಾದ್ರೂ ನಿಲ್ಲಿ" ಅಂತ ಕೂಗುತ್ತಾಳೆ. ನಿಲ್ಲುತ್ತಾರೆ, ಬೈದುಕೊಂಡು. ಪೇದೆ ಇನ್ನೂ ಬಂದಿಲ್ಲ.

ಮಗಳನ್ನು ಸಾಲಿಗೆ ಮತ್ತೆ ಕಳಿಸಲೋ ಬೇಡವೋ? ಅತ್ತೆ ಸೈಕಲನ್ನು ಅಟ್ಟಕ್ಕೆ ಹಾಕು ಅನ್ನುತ್ತಾರೆ. ಬೇರೆಯವರ ಮಕ್ಕಳಿಗೆ ಬನ್ನಿ ಬನ್ನಿ ಅಂದು ನನ್ನ ಮಗಳನ್ನು ಮನೆಯಲ್ಲಿಟ್ಟುಕೊಂಡರೆ ಆ ತಾಯಂದಿರು ಏನಂದಾರು? ಕಳಿಸಿದರೆ ನಾನು ಬದುಕುವುದು ಹೇಗೆ? ಇವಳೋ ಬೆಳಿಗ್ಗೆ ಎದ್ದವಳೇ ಚೈನು ಒರೆಸುತ್ತಾ ಕೂತಿದ್ದಾಳೆ.

ಲಾರಿಯಲ್ಲಿ ಕಂಬಳಿ ಇದೆಯಾ? ಗಡಿಯಲ್ಲಿ ರಾತ್ರಿ ಚಳಿಯಂತೆ. ಒಣ ಉಸಿಪ ಮೀನು ಕಟ್ಟಿ ಕಳಿಸಿದ್ದೇನೆ, ಬೇಳೆ ಜೊತೆ ಬೇಯಿಸಿಕೊಳ್ಳಿ. ಊಟ ಬಿಡಬೇಡಿ. ನಿಮ್ಮ ದಾರಿ ನೇರವಾಗಿರಲಿ, ಕಾಣದ ಕೈಯೊಂದು ನಿಮ್ಮ ಚಕ್ರಗಳನ್ನು ಹಿಡಿದಿರಲಿ. ಅತ್ತೆ ಆಶೀರ್ವಾದ ತಿಳಿಸಿದ್ದಾರೆ. ಇಪ್ಯಾನಾ ಈ ಹಾಳೆಯ ಮೂಲೆ ಕಚ್ಚಿದ್ದಾನೆ, ಅದು ಅವನ ಮುತ್ತು.

ನಿಮ್ಮ ದಾರಿ ನೋಡುವ
ತುಸೆಕಿಲೆಯ ಅಮ್ಮ

ಮರೆತ ಮಾತು: ಮರೆತಿರಲಿಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಆ ಲಾರಿಯ ಹಿಂದಿನ ಟಾರ್ಪಾಲು ಹರಿದ ಕಡೆ ಹಳದಿ ತೇಪೆ ಇತ್ತು. ಇಪ್ಯಾನಾನನ್ನು ಬೆನ್ನಿಗೆ ಕಟ್ಟುವ ಬಟ್ಟೆಯಲ್ಲಿ ಉಳಿದ ತುಂಡು ಅದು, ಏಪ್ರಿಲ್‌ನಲ್ಲಿ ನಾನೇ ಕೂತು ಹೊಲಿದದ್ದು. ಹಿಂದಿನ ದಿನ, ಬುಧವಾರ, ಫೋನಿನಲ್ಲಿ ನೀವು, ಶುಕ್ರವಾರದವರೆಗೂ ಗಡಿಯಾಚೆ ಮ್ಬೇಯಾದಲ್ಲೇ ಇರ್ತೀನಿ, ಎರಡು ರಾತ್ರಿ ನಿದ್ದೆ ಮಾಡ್ತೀನಿ ಅಂದಿದ್ದಿರಿ. ಸೊಪ್ಪು ಸುಳ್ಳು ಅಂತ ನಿಲ್ಲಲಿಲ್ಲವೋ, ಕಣ್ಣು ಮುಚ್ಚಿತ್ತೋ? ಯಾವುದಾಗಿರಲಿ ಅಂತ ಬೇಡಿಕೊಳ್ಳಬೇಕೋ ತಿಳಿಯದೆ ನಾನು ಮಲಗುತ್ತಿಲ್ಲ. ಮಗಳೂ ನೋಡಿದ್ದಾಳೆ. ಅಪ್ಪನ ಲಾರಿ ಅಂತ ಹ್ಯಾಂಡಲ್ ಬಿಟ್ಟು ಕೈ ಬೀಸಿದಳಂತೆ, ಅದಕ್ಕೇ ಬಿದ್ದದ್ದು. "ಮೇಷ್ಟ್ರಿಗೆ ಹೇಳಬೇಡಮ್ಮ, ಅಪ್ಪನ್ನ ಬೈತಾರೆ" ಅಂದಳು. ಇನ್ನು ಮೇಲೆ ಹ್ಯಾಂಡಲ್ ಬಿಡುವುದಿಲ್ಲವಂತೆ. ನೀವು ಹಾದುಹೋದರೆ ಬೆಲ್ಲು ಮಾತ್ರ ಹೊಡೆಯುತ್ತಾಳಂತೆ. ಲಾರಿಯೊಳಗೆ ಅದು ಕೇಳಿಸುವುದಿಲ್ಲ ಅಂತ ನಾನಿನ್ನೂ ಅವಳಿಗೆ ಹೇಳಿಲ್ಲ.