ಥೀಬೊನ ಹಸಿರು ಚೌಕಗಳು

ಏಪ್ರಿಲ್ 7, 1997, ಸೋಮವಾರ. ಕಿಂಗ್ಸ್‌ವಿಲ್

ಇವತ್ತೂ ಆರು ಸಲ ವಿಮಾನ ಇಳಿಸಿದೆ. ಐದು ಫೇರ್, ಒಂದು ಓಕೆ. ಬೋರ್ಡಿನಲ್ಲಿ ನನ್ನ ಹೆಸರಿನ ಮುಂದೆ ಐದು ಹಳದಿ ಚೌಕ, ಒಂದು ಹಸಿರು. ಥೀಬೊಗೆ ಆರಕ್ಕೆ ಆರೂ ಹಸಿರು. ಆ ಬೋರ್ಡನ್ನು ಕಾಫಿ ಮಷೀನಿನ ಪಕ್ಕದಲ್ಲೇ ತೂಗುಹಾಕಬೇಕಿತ್ತೆ? ಕಾಫಿಯನ್ನೇ ಬಿಡೋಣ ಅಂತಿದ್ದೇನೆ.

ಓಕೆಗೆ ನಾಲ್ಕು ಅಂಕ, ಫೇರ್‌ಗೆ ಮೂರು. ಎರಡು ವಾರ ಈ ರನ್‌ವೇ ಮೇಲೆ ಅಭ್ಯಾಸ, ಆಮೇಲೆ ಸಮುದ್ರದಲ್ಲಿ ನಿಜವಾದ ವಿಮಾನವಾಹಕ ಹಡಗಿನ ಮೇಲೆ. ಐದು ಜನರಲ್ಲಿ ಮೊದಲು ಬಂದವನಿಗೆ ಒಂಟಿ ಸೀಟಿನ ಜೆಟ್. ಈ ಸಲ ಇರುವುದು ಅದೊಂದೇ. ನಾನು ಎರಡನೆಯವನು. ಎರಡನೆಯವನು ಅಂದರೆ ಯಾರೂ ಅಲ್ಲ.

ನನಗೂ ಥೀಬೊಗೂ ಒಂದೇ ಮನೆ, ಒಂದೇ ಅಡುಗೆಮನೆ. ನಾನು ಪುಸ್ತಕ ತೆರೆದು ಕೂತಿರುತ್ತೇನೆ. ಅವನು ಟಿವಿ ಮುಂದೆ ಕಾಲು ಚಾಚಿ ಟಾಕೊ ತಿನ್ನುತ್ತಿರುತ್ತಾನೆ. ಸೀಗಡಿ ಹಿಡಿಯುವವರ ಮನೆಯ ಹುಡುಗ. ಕಲಿತು ಬಂದವನ ಥರ ಇಲ್ಲ, ಹುಟ್ಟುವಾಗಲೇ ತಂದವನ ಥರ ಹಾರಿಸುತ್ತಾನೆ. ಹೊಟ್ಟೆ ಉರಿಯುತ್ತದೆ. ಇಲ್ಲಾದರೂ ನಿಜ ಬರೆಯುತ್ತೇನೆ — ಉರಿಯುತ್ತದೆ.

ಏಪ್ರಿಲ್ 9, ಬುಧವಾರ

ಇವತ್ತು ನನ್ನ ಸರದಿ ಇರಲಿಲ್ಲ. ರನ್‌ವೇ ಅಂಚಿನಲ್ಲಿ ಪ್ರೂಯಿಟ್ ಪಕ್ಕ ನಿಂತು ಗ್ರೇಡ್ ಪುಸ್ತಕ ಬರೆದೆ. ಎಲ್ಲರಿಗೂ ಗ್ರೇಡ್ ಕೊಡುವವರು ಅವರೇ. ವಿಮಾನ ಇಳಿಯುತ್ತಿದ್ದ ಹಾಗೆ ಪಟಪಟ ಹೇಳುತ್ತಾರೆ, ಬರೆಯುವವನು ಗೀಚಿಕೊಳ್ಳಬೇಕು. ಆಮೇಲೆ ಪ್ರತಿಯೊಬ್ಬನ ಮುಂದೆ ಓದಿ ಮಾನ ಕಳೆಯುವುದು ಆ ಪುಸ್ತಕದಿಂದಲೇ.

ಮೊದಲೇ ಗದರಿದರು. "ನಾನು ಹೇಳಿದ್ದು ಬರಿ, ವ್ಯಾನ್. ನಿನ್ ಅಭಿಪ್ರಾಯ ನಿನ್ ಹತ್ರ ಇಟ್ಕೋ."

"ಆಯ್ತು ಸಾರ್."

ಥೀಬೊ ಬಂದ. "ಶುರುನಲ್ಲಿ ಒಂಚೂರು ಎತ್ತರ. ಓಕೆ," ಅಂದವರೇ ಮುಂದಿನ ವಿಮಾನದ ಕಡೆ ತಿರುಗಿದರು. ನಾನು ತಿರುಗಲಿಲ್ಲ. ಅವನು ತಪ್ಪು ಮಾಡಲಿ ಅಂತ ಕಾಯುತ್ತಿದ್ದವನಲ್ಲವೆ, ಚಕ್ರ ತಾಗುವವರೆಗೂ ನೋಡಿದೆ.

ತಾಗುವ ಮುಂಚೆ ಮೂಗು ಬಗ್ಗಿತು. ಒಂದೇ ಒಂದು ಗೇಣು.

ಆರೂ ಸಲ ಹಾಗೇ. ಕೊನೇ ಕ್ಷಣದಲ್ಲಿ, ಎತ್ತರ ಸರಿಯಿದೆಯೇ ಅಂತ ತೋರಿಸುವ ರನ್‌ವೇ ಪಕ್ಕದ ದೀಪ ಬಿಟ್ಟು ನೆಲ ನೋಡುತ್ತಿದ್ದಾನೆ. ಕಣ್ಣು ಹೋದ ಕಡೆ ಮೂಗು ಹೋಗುತ್ತದೆ. ಕೊನೆಯವರೆಗೂ ಕಣ್ಣು ದೀಪದ ಮೇಲೇ ಇರಬೇಕು ಅನ್ನುವುದು ನಮ್ಮ ಮೊದಲನೇ ಪಾಠ. ಇಲ್ಲಿ ಉದ್ದದ ರನ್‌ವೇ, ಒಂದು ಗೇಣಿಗೆ ಏನೂ ಆಗುವುದಿಲ್ಲ. ಹಡಗಿನ ಮೇಲೆ...

ಪ್ರೂಯಿಟ್ ನೋಡಿಲ್ಲ. ಅವರು ಹೇಳಿದ್ದನ್ನಷ್ಟೇ ಬರೆದೆ. ನಿಯಮ ಅದೇ ತಾನೆ?

ಏಪ್ರಿಲ್ 14, ಸೋಮವಾರ

ಮತ್ತೆ ಪುಸ್ತಕ. ಮತ್ತೆ ಮೂಗು. ಮತ್ತೆ ಹಸಿರು.

ಬರುವಾಗ ಜೀಪಿನಲ್ಲಿ ಥೀಬೊನೇ ಕೇಳಿದ. "ಏನೋ, ನಾಲ್ಕು ದಿನದಿಂದ ನನ್ನೇ ನೋಡ್ತಿದ್ದೀಯಲ್ಲ, ಏನಾದ್ರೂ ಕಾಣ್ಸುತ್ತಾ?"

"ಪುಸ್ತಕದಲ್ಲಿ ಇದೆಯಲ್ಲ."

"ಅದ್ರಲ್ಲಿ ಬರೀ ಹೊಗಳಿಕೆ ಕಣೋ. ಆ ಮುದುಕಪ್ಪಂಗೆ ನನ್ ಮೇಲೆ ಪ್ರೀತಿ ಜಾಸ್ತಿ ಆಗೋಗಿದೆ." ಜೋರಾಗಿ ನಕ್ಕ. "ನಿನ್ ಕಣ್ಣು ಚುರುಕು. ಅದಕ್ಕೇ ಕೇಳ್ದೆ."

"ಏನಿಲ್ಲ ಬಿಡು," ಅಂದೆ.

ಯಾರೋ ಹಿಂದೆ ಪರದೇಶದಿಂದ ತಂದು ಇಲ್ಲಿ ಬಿಟ್ಟ ನೀಲ್‌ಗಾಯ್ ಹುಲ್ಲೆಯೊಂದು ದಾರಿಗೆ ಅಡ್ಡ ಬಂತು. ಬ್ರೇಕ್ ಹಾಕಿದೆ. ಮಾತು ಅಲ್ಲಿಗೇ ನಿಂತಿತು. ಒಳ್ಳೆಯದೇ ಆಯಿತು ಅಂದುಕೊಂಡೆ.

ಹಡಗಿನ ಮೇಲೆ ಅವನಿಗೆ ಎರಡು ಹಳದಿ ಬಿದ್ದರೆ ಸಾಕು ನನಗೆ. ಎರಡೇ. ಅವನಿಗೆ ಬೇರೇನೂ ಆಗುವುದು ಬೇಡ.

ಏಪ್ರಿಲ್ 24, ಗುರುವಾರ. ಫ್ಲೋರಿಡಾ

ಇವತ್ತು ಸಮುದ್ರದಲ್ಲಿ, ಹಡಗಿನ ಮೇಲೆ.

ನನ್ನ ಹತ್ತು ಇಳಿತವೂ ಆಯಿತು. ಆರು ಓಕೆ, ನಾಲ್ಕು ಫೇರ್. ವಿಮಾನವನ್ನು ಹಿಡಿದು ನಿಲ್ಲಿಸಲು ಡೆಕ್ಕಿಗೆ ಅಡ್ಡ ಕಟ್ಟಿದ ನಾಲ್ಕು ತಂತಿಗಳಲ್ಲಿ ಏಳು ಸಲ ನನ್ನ ಕೊಕ್ಕೆ ಹಿಡಿದದ್ದು ಮೂರನೆಯದನ್ನು, ಹಿಡಿಯಬೇಕಾದದ್ದನ್ನೇ. ಇಂಧನ ತುಂಬಿಸಿಕೊಳ್ಳುತ್ತಾ ಡೆಕ್ ಮೇಲೆ ಕೂತಿದ್ದಾಗ ಥೀಬೊ ಬಂದ. ಮೊದಲನೆಯದು ಸರಿ. ಎರಡನೆಯದು ಒಂದನೇ ತಂತಿ — ತೀರಾ ಹಿಂದೆ, ಡೆಕ್ಕಿನ ಅಂಚಿಗೆ ಅಂಟಿದ ಹಾಗೆ. ಮೂರನೆಯದಕ್ಕೆ ಇಳಿಯಬೇಡ ಅಂತ ಕೆಂಪು ದೀಪ ತೋರಿಸಿ ಕಳಿಸಿದರು. ನಾಲ್ಕನೆಯದಕ್ಕೆ ರೇಡಿಯೊದಲ್ಲಿ ಪ್ರೂಯಿಟ್ ಗಂಟಲು ಹರಿಯುವ ಹಾಗೆ ಕೂಗಿದರು. "ಪವರ್! ಪವರ್! ಮೇಲಕ್ಕೆ! ಮೇಲಕ್ಕೆ!"

ಬಾಲದ ಕೊಕ್ಕೆ ಹಡಗಿನ ಅಂಚಿಗೆ ಬಡಿಯಿತು. ಕಿಡಿ ಹಾರಿದ್ದನ್ನು ಕಣ್ಣಾರೆ ಕಂಡೆ. ವಿಮಾನ ಹೇಗೋ ಮೇಲೆದ್ದಿತು. ಇನ್ನೊಂದು ಮೊಳ ಕೆಳಗಿದ್ದಿದ್ದರೆ...

"ದಡಕ್ಕೆ ಕಳ್ಸಿ ಅವನನ್ನ," ಅಂದರು ಪ್ರೂಯಿಟ್. ಅಂಕ ಸೊನ್ನೆ. ಫೇಲು.

ಏಪ್ರಿಲ್ 25, ಶುಕ್ರವಾರ

ನಾನು ಮೊದಲನೆಯವನು. ಎರಡು ಸಲ ಪಟ್ಟಿ ನೋಡಿ ಬಂದೆ.

ಊಟದ ಹಾಲಿನಲ್ಲಿ ಎಲ್ಲರೂ ಥೀಬೊನ ಸುತ್ತ. ಹೆಗಲು ತಟ್ಟುವವರು, ಬಿಯರ್ ತಂದುಕೊಡುವವರು. "ವ್ಯಾನ್, ನಿಂದು ಹೇಗಾಯ್ತು?" ಅಂತ ಒಂದು ನರಪಿಳ್ಳೆಯೂ ಕೇಳಲಿಲ್ಲ. ಅವನು ಸೋತರೂ ಮೆರವಣಿಗೆ ಅವನದೇ. ಅದಕ್ಕೂ ಹೊಟ್ಟೆ ಉರಿಯಿತು. ಎಂಥಾ ನೀಚನಪ್ಪಾ ನಾನು.

ಮೇ 5, ಸೋಮವಾರ. ಕಿಂಗ್ಸ್‌ವಿಲ್

ಹತ್ತು ದಿನ ಬರೆಯಲಿಲ್ಲ. ಬರೆದರೆ ಆ ಮೂಗಿನ ವಿಷಯವನ್ನೇ ಬರೆಯಬೇಕಾಗುತ್ತಿತ್ತು.

ಥೀಬೊಗೆ ಇನ್ನೊಂದು ಅವಕಾಶ. ಗುರುವಾರ ಮತ್ತೆ ಹಡಗು. ತಪ್ಪಿದರೆ ಪೈಲಟ್‌ಗಳ ರೆಕ್ಕೆ ಬಿಲ್ಲೆಯ ಆಸೆ ಬಿಟ್ಟು ಮನೆಗೆ. ಗೆದ್ದರೆ ಆ ಸೊನ್ನೆ ಅಳಿಸಿ, ಒಟ್ಟು ಅಂಕದಲ್ಲಿ ಅವನೇ ಮೇಲೆ. ಅಲ್ಲಿಯವರೆಗೆ ಆ ಜೆಟ್ ಯಾರಿಗೂ ಇಲ್ಲ.

ಪ್ರೂಯಿಟ್ ಪುಸ್ತಕವನ್ನು ಮೂರು ಸಲ ತಿರುವಿ ಹಾಕಿದರಂತೆ. ಒಂದು ತಪ್ಪೂ ಸಿಗಲಿಲ್ಲ. ಹಾಗಾದರೆ ಧೈರ್ಯದ್ದೇ ದೋಷ ಅಂತ ತೀರ್ಮಾನ. ಥೀಬೊನೂ ನಂಬಿಬಿಟ್ಟಿದ್ದಾನೆ. ಇವತ್ತು ಟಿವಿ ಹಾಕಲಿಲ್ಲ. ಸಿಂಕಿನ ಮುಂದೆ ನಿಂತು, "ನಾನು ಪುಕ್ಕಲ ಕಣೋ, ಇಷ್ಟು ದಿನ ಗೊತ್ತಿರ್ಲಿಲ್ಲ," ಅಂದ. ತಮಾಷೆಗಲ್ಲ.

ಅವನು ಪುಕ್ಕಲನಲ್ಲ.

ಮೇ 7, ಬುಧವಾರ, ಸಂಜೆ

ಅವನ ಕೊನೆಯ ಅಭ್ಯಾಸ. ಬರೆಯಲು ನಾನೇ ಬರಬೇಕು ಅಂತ ಅವನೇ ಹಟ ಹಿಡಿದನಂತೆ.

ನಾಲ್ಕು ಸಲ ಇಳಿಸಿದ. ನಾಲ್ಕು ಸಲವೂ ಮೂಗು ಬಗ್ಗಿತು. ಪ್ರೂಯಿಟ್ "ಓಕೆ" ಅಂದರು. ಪೆನ್ನು ಏಳಲಿಲ್ಲ. ನಾಳೆ ಇವನು ಸಾಯಬಹುದು ಅನ್ನಿಸಿತು. ಜೊತೆಗೇ, ಉಳಿದರೆ ನನ್ನ ಜೆಟ್ ಹೋಯಿತು ಅಂತಲೂ ಅನ್ನಿಸಿತು. ಎರಡೂ ಒಟ್ಟಿಗೇ, ಒಂದೇ ಉಸಿರಿನಲ್ಲಿ.

"ಸಾರ್, ಇಳಿಯೋವಾಗ ದೀಪ ಬಿಟ್ಟು ನೆಲ ನೋಡ್ತಿದ್ದಾನೆ. ಮೂಗು ಬಗ್ಗುತ್ತೆ. ಮುಂದಿನ ಸಲ ತಿರುಗ್ಬೇಡಿ, ಕೊನೇವರೆಗೂ ನೋಡಿ."

ಸಿಡುಕಿದರು, ಆದರೆ ಐದನೆಯದನ್ನು ಕೊನೆಯವರೆಗೂ ನೋಡಿದರು. ರೇಡಿಯೊದಲ್ಲಿ ಒಂದೇ ಮಾತು. "ಥೀಬೊ, ನೆಲ ನೋಡ್ಬೇಡ, ದೀಪ ನೋಡು." ಉಳಿದ ನಾಲ್ಕೂ ದಾರ ಹಿಡಿದು ಇಳಿಸಿದ ಹಾಗೆ ಬಂದವು. ಅಂಥ ಇಳಿತ ನನ್ನ ಜನ್ಮದಲ್ಲಿ ಆಗುವುದಿಲ್ಲ.

ಹೆಲ್ಮೆಟ್ ಕೈಯಲ್ಲಿ ಹಿಡಿದು ಓಡಿಬಂದು ತಬ್ಬಿಕೊಂಡ. ಮೈಯೆಲ್ಲಾ ಬೆವರು. "ಪುಕ್ಕಲ ಅಲ್ಲ ಕಣೋ ನಾನು! ಬರೀ ಕಣ್ಣಿನ ಚಾಳಿ! ನೀನೇ ಕಂಡುಹಿಡಿದ್ಯಂತೆ!" ಅಂದ. ನಕ್ಕ. ಆಮೇಲೆ ನಗು ಒಂದೊಂದೇ ಇಂಚು ಇಳಿಯಿತು. ಪುಸ್ತಕ ಇಸಿದುಕೊಂಡು ಹಿಂದಿನ ಹಾಳೆ ತಿರುಗಿಸಿದ. ಏಪ್ರಿಲ್ ಒಂಬತ್ತು, ಹದಿನಾಲ್ಕು. ಎಲ್ಲಾ ನನ್ನ ಅಕ್ಷರ.

"ವ್ಯಾನ್," ಅಂದ, ಮೆಲ್ಲಗೆ. "ಇದು ನಿಂಗೆ ಯಾವತ್ತಿಂದ ಗೊತ್ತಿತ್ತು?"

ನಾನು ಏಪ್ರಿಲ್ ಒಂಬತ್ತರ ಸಾಲಿನ ಮೇಲೆ ಬೆರಳಿಟ್ಟೆ.