ಬಂದರಿನಲ್ಲಿ ಬಿಟ್ಟುಬಂದ ಇಬ್ಬರು

ಮಸೂತಿ ಊರಿನ ರೇವಣಪ್ಪ ಕಾಕಾ ಅವರಿಗೆ ಸಮುದ್ರದ ನಡುವಿನಿಂದ ನಿಮ್ಮ ಅಣ್ಣನ ಮಗ ಕಾಂತುವಿನ ನಮಸ್ಕಾರ.

ಸಿಟ್ಟು ಇಳಿಯುವ ಮೊದಲೇ ಬರೆಯುತ್ತಿದ್ದೇನೆ. ನಾನು ಕೋಣೆ ಗುಡಿಸುವ ಈ ಪ್ರವಾಸಿ ಹಡಗು ಇಂದು ಮಧ್ಯಾಹ್ನ ಬಂದರು ಬಿಟ್ಟಾಗ, ಊರು ನೋಡಲು ಇಳಿದಿದ್ದ ನಮ್ಮ ಹಡಗಿನ ಒಬ್ಬ ಮುದುಕ, ಅವನ ಮುದುಕಿ ಇನ್ನೂ ದಂಡೆಯ ಮೇಲೆ ಓಡಿಬರುತ್ತಿದ್ದರು. ಮುದುಕಿಗೆ ಮೊಣಕಾಲು ನೋವು. ಅವಳ ಗುಳಿಗೆಗಳೆಲ್ಲ ಇಲ್ಲೇ, ನಾನು ಗುಡಿಸುವ ಅವರ ಕೋಣೆಯಲ್ಲಿವೆ. ಕ್ಯಾಪ್ಟನ್ ಅವರನ್ನು ಕಂಡೂ ಹಡಗು ಹೊರಡಿಸಿದ. ಮೇಲೆ ನಿಂತ ಪ್ರವಾಸಿಗರು ಚಪ್ಪಾಳೆ ತಟ್ಟಿ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡರು! ನನಗೆ ತಡೆಯಲಾಗಲಿಲ್ಲ. ನೀವು ಕುರಿಗಳಿಗೆ ಹಾಕುವ ಸಿಳ್ಳೆ ಹಾಕಿ, "ತಡೀರೋ, ಇನ್ನೂ ಇಬ್ಬರು ಹಿಂದ ಉಳದಾರ!" ಎಂದು ನಮ್ಮ ಮಾತಿನಲ್ಲೇ ಕೂಗಿದೆ. ಹಡಗು ನಿಲ್ಲಲಿಲ್ಲ.

ಮೇಲ್ವಿಚಾರಕ ನನ್ನನ್ನೇ ಬೈದ. ಹತ್ತು ನಿಮಿಷ ಕಾದಿದ್ದರೆ ಏನಾಗುತ್ತಿತ್ತು ಎಂದು ಕೇಳಿದರೆ, ಒಂದು ನಿಮಿಷವೂ ತಡಮಾಡದ್ದಕ್ಕೇ ನಮ್ಮ ಕ್ಯಾಪ್ಟನ್ ಒಳ್ಳೆಯವನೆಂದು ಹೆಸರಾಗಿದ್ದಾನೆ ಎಂದ. ಒಳ್ಳೆಯವನಂತೆ! ಮುಳವಾಡದ ಕಡೆ ಕುರಿಗಳನ್ನು ಕಾಲುವೆ ದಾಟಿಸುವಾಗ ನೀವು, "ಕುಂಟ ಕುರಿ ದಾಟೂತನಕ ನಾ ದಾಟಂಗಿಲ್ಲ" ಎಂದು ಬಿಸಿಲಲ್ಲೇ ನಿಂತಿರುತ್ತಿದ್ದಿರಿ. ಅಂಥವರನ್ನು ಇವರು ನೋಡಿಯೇ ಇಲ್ಲ.

ನನ್ನ ಆರೋಗ್ಯ ಚೆನ್ನಾಗಿದೆ, ನೌಕರಿ ಉಳಿಯುತ್ತದೋ ಇಲ್ಲವೋ ಹೇಳಲಾರೆ. ಅವ್ವನಿಗೆ ಇದನ್ನು ಓದಿ ಹೇಳಬೇಡಿ. ಕಾರ್ಡಿನಲ್ಲಿ ಜಾಗ ಮುಗಿಯಿತು. ಕುರಿಗಳ ಎಣಿಕೆ ಸರಿಹೋಗುವ ತನಕ ನೀವು ಎಂದೂ ಬುತ್ತಿ ಬಿಚ್ಚಿದವರಲ್ಲ, ಕಾಕಾ. ಕ್ಯಾಪ್ಟನ್ ಆಗಲೇ ಊಟಕ್ಕೆ ಕೂತಿದ್ದಾನೆ.

ಅವಸರದಲ್ಲಿ,
ಕಾಂತು