ನಲವತ್ತು ಗ್ರಾಂ

ಜೂನ್ ೧೨

ಮಗಳೇ,

ಎರಡು ಸಲ ಬರೆದು ಹರಿದುಹಾಕಿದೆ, ಅದಕ್ಕೇ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ಹೇಳಬೇಕಾದ್ದು ಹೇಳಲಾಗುವುದಿಲ್ಲ. ನಾನು ಚೆನ್ನಾಗಿದ್ದೇನೆ, ಮೊಣಕಾಲು ಮಾತ್ರ ಮೊದಲಿನಷ್ಟೇ ಹಠಮಾರಿ. ಮತ್ತೆ ಹೊಲಿಗೆಗೆ ಕೂತಿದ್ದೇನೆ. ಮೊನ್ನೆ ಯಾರದೋ ಅಂಗಿಯನ್ನು ಅಳತೆ ತಪ್ಪಿ ಕತ್ತರಿಸಿಬಿಟ್ಟೆ ನೋಡು, ಮೂವತ್ತು ವರ್ಷದಲ್ಲಿ ಇದೇ ಮೊದಲು.

ಅಳಿಯಂದಿರು ಫೋನ್ ಮಾಡಿದ್ದರು. "ಅತ್ತೆ, ಅವಳು ಊಟಾನೇ ಮಾಡ್ತಿಲ್ಲ. ಇಂಜೆಕ್ಷನ್ ನಿಲ್ಸಿ ಅಂತ ಡಾಕ್ಟರ ಹತ್ರ ಬೇಡ್ಕೊಂಡಿದ್ದು ನಾನೇ, ಮಗೂನ ನಾನೇ ಕೊಂದೆ ಅಂತಾಳೆ" ಎಂದರು. ಆವತ್ತೇ ಕಾಗದ ಬರೆಯಲು ಕೂತೆ.

ಹೃದಯದ ಆಪರೇಷನ್ ಗೆದ್ದು ಬಂದ ಕೂಸು ಅದು. ಎದೆಯ ಮೇಲಿನ ಹೊಲಿಗೆ ನೋಡಿ "ಚೊಕ್ಕ ಕೈ ಕಣೇ" ಎಂದು ನಾನೇ ಮೆಚ್ಚಿದ್ದೆ. ಆಮೇಲೆ ಮೈಯಲ್ಲಿ ನೀರು ತುಂಬಿತು. ಅದು ಉಚ್ಚೆಯಾಗಿ ಇಳಿಯಲೆಂದು ಇಂಜೆಕ್ಷನ್ ಶುರುವಾಯಿತು. ಚುಚ್ಚಿ ಚುಚ್ಚಿ ಕೂಸಿನ ಕೈ ನೀಲಿಗಟ್ಟಿದ್ದನ್ನು ನೀನು ನೋಡಲಾರದೆ ಹೋದೆ. ಔಷಧ ಹಿಡಿಯಿತೋ ಇಲ್ಲವೋ ತಿಳಿಯಲು ನೀನೂ ನಾನೂ ಸರದಿಯ ಮೇಲೆ ಒದ್ದೆ ಡೈಪರ್ ತೂಗಿ ಹಾಳೆಯಲ್ಲಿ ಬರೆಯುತ್ತಿದ್ದೆವು. ಒಮ್ಮೆ ಎಪ್ಪತ್ತು ಗ್ರಾಂ ಬಂದಾಗ ನರ್ಸಮ್ಮ, "ನಿಮ್ಮ ದೊರೆ ಕೋಡಿ ಹರಿಸಿಬಿಟ್ಟ ಕಣ್ರೀ!" ಎಂದಳು. ನೀನು ನಕ್ಕಿದ್ದನ್ನು ನಾನು ಕೊನೆಯ ಸಲ ನೋಡಿದ್ದು ಆವತ್ತೇ.

"ಉಚ್ಚೆ ಚೆನ್ನಾಗಿ ಹೋಗ್ತಿದೆ, ಇನ್ನು ಬಾಯಿಗೆ ಔಷಧಿ ಹನಿ ಹಾಕಿದ್ರೆ ಸಾಕು" ಎಂದು ಹಾಳೆ ನೋಡಿ ಹೇಳಿದ್ದ ಡಾಕ್ಟರೇ ಕೊನೆಗೆ, "ಸೋತ ಹೃದಯ ಅಮ್ಮಾ, ಇಂಜೆಕ್ಷನ್ ಇದ್ದಿದ್ರೂ ಉಳೀತಿತ್ತು ಅಂತ ಹೇಳಕ್ಕಾಗಲ್ಲ" ಎಂದರು. ಅದು ನಿನ್ನ ಕಿವಿಗೆ ಬಿತ್ತೋ ಇಲ್ಲವೋ.

ಎದೆಯಲ್ಲಿ ಹಾಲು ಕಟ್ಟಿ ಇನ್ನೂ ನೋಯುತ್ತಿದ್ದರೆ ಡಾಕ್ಟರಿಗೆ ತೋರಿಸು. ನನಗೆ ಹೇಳಿದರೆಂದು ಅಳಿಯಂದಿರ ಮೇಲೆ ಮುನಿಸು ಬೇಡ. ನನ್ನ ಆಯಸ್ಸೂ ಸೇರಿಸಿಕೊಂಡು ನೀವಿಬ್ಬರೂ ಬಾಳಿ.

ನಿನ್ನ ಅಮ್ಮ

ತಾ.ಕ.: ಹರಿದ ಕಾಗದಗಳಲ್ಲಿ ಇದನ್ನು ಬರೆಯಲಾಗಲಿಲ್ಲ. ಇಂಜೆಕ್ಷನ್ ನಿಲ್ಲಿಸಿದ ಆ ಬುಧವಾರ ಮಧ್ಯಾಹ್ನ, ಮೂರು ದಿನ ನಿದ್ದೆಗೆಟ್ಟ ನೀನು ಆಗಷ್ಟೇ ಮಲಗಿದ್ದೆ. ಕೂಸಿನ ಡೈಪರ್ ಬಿಚ್ಚಿದೆ, ಒಣಗಿಕೊಂಡೇ ಇತ್ತು. ಎದ್ದ ಕೂಡಲೇ ಹಾಳೆ ನೋಡುತ್ತೀಯ, ನಿನ್ನ ಮುಖ ಬಾಡುವುದನ್ನು ನೋಡಲಾರೆ ಎಂದು ನಲವತ್ತು ಗ್ರಾಂ ಅಂತ ಬರೆದೆ. ಸಂಜೆಗೆ ಸರಿಹೋಗುತ್ತದೆ ಅಂದುಕೊಂಡೆ. ಅದನ್ನು ನಂಬಿ ನೀನು ಬೇಡಿಕೊಂಡೆ, ಅದನ್ನು ನಂಬಿ ಡಾಕ್ಟರು ಒಪ್ಪಿದರು. ನಾನು ಪಕ್ಕದಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ಬೈಯುವುದಿದ್ದರೆ ನನ್ನನ್ನು ಬೈ. ನನ್ನ ಮುಖ ನೋಡದಿದ್ದರೂ ಸರಿ, ಊಟ ಮಾಡು.